ಮೈಸೂರು ನಗರದ ಸಂರಕ್ಷಿತ ಕೆರೆಗಳು

ಮೈಸೂರು ನಗರ ಸುತ್ತಲೂ ಬೆಳೆಯುತ್ತ ಹೋದರೂ ಕಟ್ಟಡಗಳಿಗೆ ಎಡೆಗೊಡದೆ ಉಳಿಸಿಕೊಂಡ ಬಯಲುಗಳಲ್ಲಿ ಕುಕ್ಕರಹಳ್ಳಿ, ಕಾರಂಜಿ ಮತ್ತು ಲಿಂಗಾಂಬುಧಿ ಕೆರೆಗಳು ಮುಖ್ಯವಾದವು. ಊರಿನವರು ಪ್ರಕೃತಿಯ ತಾಣಗಳೆಂದೇ ಬಗೆಯುವ ಇವು ಸಹಜ ಸರೋವರಗಳಲ್ಲ. ಇಳಿಜಾರಿಗೆ ಅಡ್ಡಲಾಗಿ ಏರಿ, ಅಂದರೆ ಮಣ್ಣಿನ ಒಡ್ಡು ಹಾಕಿ, ಹೊಲಗದ್ದೆಗೆ ನೀರು ಬಿಡಲು ತೂಬನ್ನೂ ಹೆಚ್ಚಾದ ನೀರು ಹರಿದುಹೋಗಲು ಕೋಡಿಯನ್ನೂ ಇರಿಸಿ ಕಟ್ಟಿದ ಕೆರೆಗಳು. ಲಿಂಗಾಂಬುಧಿಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ 1828ರಲ್ಲಿ ಕಟ್ಟಿಸಿದರು. ಕುಕ್ಕರಹಳ್ಳಿ ಕೆರೆ ಅವರ ಕಾಲದಲ್ಲಿಯೇ, 1864ರಲ್ಲಿ, ನಿರ್ಮಾಣವಾಯಿತು.

ಇಲ್ಲಿನ ಜೀವವೈವಿಧ್ಯಕ್ಕೆ ಈ ರಚನೆಯೇ ಕಾರಣ. ಏರಿಯ ಬದಿಯಲ್ಲಿ ಆಳವಾಗಿರುವ ನೀರು ಎದುರು ದಡದತ್ತ ಸಾಗಿದಂತೆ ತೆಳುವಾಗಿ, ಕೊನೆಗೆ ಜೊಂಡು ಬೆಳೆದ ಕೆಸರಿನಲ್ಲಿ ಕರಗಿಹೋಗುವುದರಿಂದ ಒಂದೊಂದು ಆಳಕ್ಕೂ ಅದರದೇ ಆದ ಹಕ್ಕಿಗಳು ಒದಗುತ್ತವೆ. ಆಳದ ನೀರಿನಲ್ಲಿ ಹೆಜ್ಜಾರ್ಲೆ, ನೀರುಕಾಗೆ ಮತ್ತು ಗುಳುಮುಳುಕಗಳು ಮೀನು ಹಿಡಿದರೆ, ಮೊಣಕಾಲುದ್ದದ ನೀರಿನಲ್ಲಿ ಬಣ್ಣದ ಕೊಕ್ಕರೆ ಅರೆತೆರೆದ ಕೊಕ್ಕನ್ನು ಮುಳುಗಿಸಿ ಅತ್ತಿತ್ತ ಆಡಿಸುತ್ತ, ಮೀನು ತಾಗಿದ ಕೂಡಲೇ ಕೊಕ್ಕು ಮುಚ್ಚಿ ಹಿಡಿಯುತ್ತದೆ. ಜೊಂಡಿನ ಅಂಚಿನಲ್ಲಿ ನೇರಳೆ ಬಣ್ಣದ ಜಂಬುಕೋಳಿ ಎಳೆಯ ದಂಟನ್ನು ಕಾಲಿನಲ್ಲಿ ಹಿಡಿದು ತಿನ್ನುವುದನ್ನು ಕಾಣಬಹುದು. ಇವುಗಳಲ್ಲಿ ಹೆಚ್ಚು ಗಮನಿಸಬೇಕಾದ ಹಕ್ಕಿ ಹಾವಕ್ಕಿ. ಮೈಯನ್ನು ಪೂರ್ತಿ ನೀರಿನಲ್ಲಿ ಮುಳುಗಿಸಿ ನೀಳ ಕೊರಳನ್ನಷ್ಟೇ ಮೇಲೆತ್ತಿ ಈಜುವುದರಿಂದ ಅದಕ್ಕೆ ಆ ಹೆಸರು ಬಂದಿದೆ. ಅದರ ಗರಿಗಳು ಬಾತುಕೋಳಿಯ ಗರಿಗಳಂತೆ ನೀರನ್ನು ತಡೆಯದೆ ನೆನೆಯುತ್ತವೆ. ಅದರಿಂದ ಮೈ ಭಾರವಾಗಿ ಮುಳುಗುವುದು ಸುಲಭವಾಗುತ್ತದೆಯಾದರೂ, ಬೇಟೆ ಮುಗಿದ ಮೇಲೆ ಅದು ಒಣಕೊಂಬೆಯ ಮೇಲೆ ರೆಕ್ಕೆಗಳನ್ನು ಅಗಲಿಸಿ ಬಹಳ ಹೊತ್ತು ಬಿಸಿಲು ಕಾಯಿಸಬೇಕಾಗುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಕೆರೆ ಬಡವಾಯಿತೆಂದು ತಿಳಿಯುವುದು ಸರಿಯಲ್ಲ, ಏಕೆಂದರೆ ಆಗ ತೆರೆದುಕೊಳ್ಳುವ ಕೆಸರಿನಲ್ಲಿ ಹುಳುಗಳನ್ನು ಹೆಕ್ಕುವ ಉದ್ದಕಾಲಿನ ಹಕ್ಕಿಗಳಿಗೆ ತುಂಬಿದ ಕೆರೆಯಲ್ಲಿ ನೆಲೆಯೇ ಇರುವುದಿಲ್ಲ.

ಕುಕ್ಕರಹಳ್ಳಿ ಕೆರೆ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಗೆ ಹೊಂದಿಕೊಂಡಿದ್ದು, ಅದರ ಸುತ್ತಣ ಸುಮಾರು 5 ಕಿಲೋಮೀಟರ್ ಉದ್ದದ ಮರಗಳ ನೆರಳಿನ ದಾರಿ ಕುವೆಂಪು ಅವರ ತಿರುಗಾಟದ ದಾರಿಯೂ ಆಗಿತ್ತು. ಚಾಮುಂಡಿ ಬೆಟ್ಟದ ಬುಡದಲ್ಲಿರುವ ಕಾರಂಜಿ ಕೆರೆ ಚಾಮರಾಜೇಂದ್ರ ಮೃಗಾಲಯದ ಆಡಳಿತಕ್ಕೆ ಸೇರಿದೆ. ಅಲ್ಲಿ ದೋಣಿವಿಹಾರ, ಚಿಟ್ಟೆ ಉದ್ಯಾನ ಮತ್ತು ಜನರು ಒಳಹೊಕ್ಕು ನೋಡಬಹುದಾದ ದೊಡ್ಡ ಪಕ್ಷಿಪಂಜರವಿದ್ದು, ದಡದಲ್ಲಿ 1995ರಲ್ಲಿ ತೆರೆದ ಪ್ರಾದೇಶಿಕ ನಿಸರ್ಗ ಚರಿತ್ರೆ ವಸ್ತುಸಂಗ್ರಹಾಲಯವಿದೆ. ಲಿಂಗಾಂಬುಧಿಯನ್ನು ಅರಣ್ಯ ಇಲಾಖೆ ನೋಡಿಕೊಳ್ಳುತ್ತದೆ. ಕಾವೇರಿ ನದಿಯ ರಂಗನತಿಟ್ಟು ಪಕ್ಷಿಧಾಮ ಹತ್ತಿರದಲ್ಲಿಯೇ ಇರುವುದರಿಂದ, ರೆಕ್ಕೆ ಬಲವುಳ್ಳ ಹೆಜ್ಜಾರ್ಲೆ ಕೊಕ್ಕರೆಗಳಿಗೆ ಇವೆಲ್ಲ ಒಂದೇ ಮೇವಿನ ಬಯಲಿನ ಭಾಗಗಳು.

ಬೇಲಿ ಹಾಕಿ ದಡ ಕಾಯ್ದಮಾತ್ರಕ್ಕೆ ಇಂತಹ ಕೆರೆ ಉಳಿಯುವುದಿಲ್ಲ. ಕುಕ್ಕರಹಳ್ಳಿಗೆ ನೀರು ತರುತ್ತಿದ್ದ, ದಿವಾನ್ ಪೂರ್ಣಯ್ಯನವರ ಹೆಸರಿನ ನಾಲೆ ಬಡಾವಣೆಗಳ ನಡುವೆ ಹಲವೆಡೆ ಮುಚ್ಚಿಹೋಗಿದ್ದು, ಮಳೆನೀರಿನ ಬದಲು ಚರಂಡಿಯ ಕೊಳೆನೀರು ಕೆರೆಗೆ ಸೇರಿದ್ದುಂಟು. ಕೊಳೆನೀರಿನಲ್ಲಿರುವ ಸಾರಜನಕ ಮತ್ತು ರಂಜಕಗಳನ್ನು ಹೀರಿ ಪಾಚಿ ಮಿತಿಮೀರಿ ಬೆಳೆಯುತ್ತದೆ. ಅದು ಸತ್ತು ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕ ಮುಗಿದು ಮೀನು ಸಾಯುತ್ತವೆ, ಮೀನನ್ನೇ ನಂಬಿದ ಹಕ್ಕಿಗಳು ಬೇರೆಡೆಗೆ ಹೋಗುತ್ತವೆ. ಆದುದರಿಂದ ಸಂರಕ್ಷಣೆಯ ಮೊದಲ ಕೆಲಸ ನಡೆಯಬೇಕಾದುದು ದಡದ ಮೇಲಲ್ಲ, ಕೆರೆಯ ಎಲ್ಲೆಯಿಂದ ಬಹುದೂರದಲ್ಲಿ, ಮನೆಗಳ ಹಿಂದೆ ಸಾಗುವ ಕಾಲುವೆಗಳಲ್ಲಿ.