ಮರದ ವಾಚನಪೀಠ: ಇತಿಹಾಸವೂ ಕೈಕೆಲಸವೂ

ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯು ನಾಡಿಗೆ ಪರಿಚಿತವಾದುದು ತನ್ನ ಬ್ಯಾರೇಜಿನಿಂದ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಕೃಷ್ಣಾತೀರದ ರೈತರು ತಾವೇ ಹಣ ಕೂಡಿಸಿ, ಬೆವರು ಸುರಿಸಿ ಕಟ್ಟಿದ ಅದಕ್ಕೆ ‘ಶ್ರಮಬಿಂದು ಸಾಗರ’ವೆಂದು ಹೆಸರಾಯಿತು. ತಮಗೆ ಬೇಕಾದುದನ್ನು ತಾವೇ ಮಾಡಿಕೊಳ್ಳುವ ಈ ಗುಣವು ದೇವಾಲಯದ ಒಂದು ಸಣ್ಣ ಉಪಕರಣಕ್ಕೂ ಒಪ್ಪುತ್ತದೆ. ಅದೇ ಮರದ ವಾಚನಪೀಠ.

ಇದರ ಚರಿತ್ರೆ ಬಹು ಪುರಾತನವಾದುದು. ನೆಹೆಮೀಯನ ಗ್ರಂಥದ 8ನೆಯ ಅಧ್ಯಾಯದಲ್ಲಿ ಎಜ್ರನು ಧರ್ಮಶಾಸ್ತ್ರವನ್ನು ಓದಿದ್ದು ಅದಕ್ಕೆಂದೇ ಮಾಡಿದ ಮರದ ಪೀಠದ ಮೇಲೆ ನಿಂತು. ಓದಿದ್ದು ಜನರಿಗೆ ಅರ್ಥವಾಗುವಂತೆ ಅಲ್ಲಿ ವಿವರಿಸಲಾಯಿತು. ಆದಿಕಾಲದ ದೇವಾಲಯಗಳಲ್ಲಿ ಈ ಸ್ಥಾನವು ‘ಅಂಬೊ’ ಎಂಬ ಎತ್ತರದ ಕಟ್ಟೆಯಾಯಿತು. ಮಧ್ಯಯುಗದ ಯೂರೋಪಿನಲ್ಲಿ ಶುಭಸಂದೇಶಕಾರ ಸಂತ ಯೊವಾನ್ನರ ಲಾಂಛನವಾದ ಗರುಡನ ರೆಕ್ಕೆಗಳ ಮೇಲೆ ಗ್ರಂಥವನ್ನಿರಿಸುವ ಪೀಠಗಳು ಬಂದವು. ಲತೀನ್ ಪೂಜೆಯ ಕಾಲದಲ್ಲಾದರೋ ಗುರುಗಳು ಬಲಿಪೀಠದಲ್ಲಿಯೇ ವಾಚನ ಮಾಡುತ್ತಿದ್ದರು. ಪೂಜಾಗ್ರಂಥವನ್ನು ಹೊತ್ತ ಕಿರುಪೀಠವನ್ನು ಬಲದಿಂದ ಎಡಕ್ಕೆ ಸಾಗಿಸಿ ಶುಭಸಂದೇಶವನ್ನು ಓದಲಾಗುತ್ತಿತ್ತು.

1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯ ಆರಾಧನಾ ಸಂವಿಧಾನವು ಪ್ರಕಟವಾಯಿತು. ದೇಶಭಾಷೆಗಳಿಗೆ ಬಾಗಿಲು ತೆರೆಯಿತು. ಮುಂದೆ ದೇವರ ವಾಕ್ಯವು ಬಲಿಪೂಜೆಯಲ್ಲಿ ಕನ್ನಡದಲ್ಲಿಯೇ ಕಿವಿಗೆ ಬಿದ್ದಿತು. ಜನರಿಗೆ ಎದುರಾಗಿ ನಿಂತು ಓದುವ ವಾಚಕನಿಗೆ ಒಂದು ಪೀಠವು ಅಗತ್ಯವಾಯಿತು. 1969ರ ಪೂಜಾ ನಿಯಮಾವಳಿಯು ಈ ಪೀಠವು ಅತ್ತಿತ್ತ ಸಾಗಿಸುವಂಥದಾಗದೆ ಸ್ಥಿರವಾಗಿರಬೇಕೆಂದೂ, ಗಾಯನ ನಿರ್ದೇಶಕರು ಅದನ್ನು ಬಳಸದಿರುವುದು ಉಚಿತವೆಂದೂ ತಿಳಿಸಿತು. ಆದ್ದರಿಂದ ಗಾಯನವೃಂದಕ್ಕೂ ಮನೆಯ ಪ್ರಾರ್ಥನೆಗೂ ಬೇರೆ ಪೀಠಗಳು ಬೇಕಾಗುತ್ತವೆ. ಮನೆಯಲ್ಲಿ ಮಾಡಿದ ಪೀಠಕ್ಕೆ ಇದೇ ತಕ್ಕ ಸ್ಥಾನ.

ನಿಂತು ಹಾಡುವವರ ಪೀಠದ ಇಳಿಜಾರು ಹಲಗೆಯ ಕೆಳ ಅಂಚು ಮೊಣಕೈಯ ಮಟ್ಟಕ್ಕೆ, ಅಂದರೆ ಸುಮಾರು ಮೂರೂವರೆ ಅಡಿ ಎತ್ತರದಲ್ಲಿದ್ದರೆ ಕುತ್ತಿಗೆ ಬಾಗದು. ಪುಸ್ತಕ ಜಾರದಂತೆ ಅಂಚಿಗೆ ಒಂದಂಗುಲದ ಪಟ್ಟಿ ಬೇಕು. ಪೀಠ ಉರುಳದಂತೆ ಬುಡ ಅಗಲವಾಗಿರಬೇಕು. ಸಾಗವಾನಿಯಾಗಲಿ ಬೇವಾಗಲಿ, ಮರವು ಚೆನ್ನಾಗಿ ಒಣಗಿರತಕ್ಕದ್ದು. ಹಸಿಮರವು ಒಣಗುತ್ತ ಸೊಟ್ಟಗಾಗಿ ಬೆಸುಗೆಗಳನ್ನು ಸಡಿಲಿಸುತ್ತದೆ. ಕೊನೆಗೆ ಅಗಸೆ ಎಣ್ಣೆಯನ್ನು ತೆಳುವಾಗಿ ಸವರಿ, ಕೆಲ ದಿನ ಆರಲು ಬಿಡಬೇಕು.

ಕುಳಿತು ಓದುವವರಿಗೆ ನಮ್ಮ ನಾಡಿನ ಪುರಾಣ ಪ್ರವಚನಗಳಲ್ಲಿ ಕಾಣುವ ಮಡಚುವ ವ್ಯಾಸಪೀಠವೇ ಉತ್ತಮ ಮಾದರಿ. ಮುಸಲ್ಮಾನ ಬಾಂಧವರು ಕುರಾನ್ ಇರಿಸುವ ರೆಹಲೂ ಇದೇ ಬಗೆಯದು. ನುರಿತ ಬಡಿಗೇರನು ಇದನ್ನು ಒಂದೇ ಹಲಗೆಯಿಂದ ಮಾಡುತ್ತಾನೆ. ನಡುವೆ ಉಳಿಯಿಂದ ಒಂದರೊಳಗೊಂದು ಹೆಣೆದ ಗಂಟುಗಳನ್ನು ಕೊರೆದು, ಎರಡೂ ತುದಿಗಳಿಂದ ಹಲಗೆಯ ದಪ್ಪವನ್ನು ಗಂಟಿನವರೆಗೆ ಗರಗಸದಿಂದ ಸೀಳಿದರೆ ಅದು ಕತ್ತರಿಯಂತೆ ತೆರೆದುಕೊಳ್ಳುತ್ತದೆ. ಮೊಳೆಯೂ ಇಲ್ಲ, ತಿರುಗಣಿಯೂ ಇಲ್ಲ. ಒಂದು ಗಂಟು ಮುರಿದರೆ ಇಡೀ ಹಲಗೆಯೇ ವ್ಯರ್ಥವಾದ ಕಾರಣ ಈ ಕೆಲಸವು ತಾಳ್ಮೆಯನ್ನು ಬೇಡುತ್ತದೆ.

ಪ್ರಭು ಯೇಸುವನ್ನು ಊರವರು ‘ಬಡಗಿ’ ಎಂದೇ ಗುರುತಿಸಿದರೆಂದು ಸಂತ ಮಾರ್ಕರು ಬರೆದಿದ್ದಾರೆ. ಅಂಗಡಿಯಿಂದ ತಂದ ಪೀಠವೂ ಗ್ರಂಥವನ್ನು ಹೊರುವುದು ನಿಜ. ಆದರೆ ವೇದಿಕೆಯೇರಿ ಓದಲಾರದ, ಹಾಡಲಾರದ ಭಕ್ತನಿಗೂ ತಾನು ಕೆತ್ತಿದ ಮರದ ಮೂಲಕ ಆರಾಧನೆಯಲ್ಲಿ ಒಂದು ಪಾಲು ದೊರೆಯುತ್ತದೆ. ರೈತರ ಬೆವರು ಬ್ಯಾರೇಜಾದಂತೆ ನಮ್ಮ ಮನೆಗಳ ಕೈಕೆಲಸವೂ ದೇವರ ವಾಕ್ಯಕ್ಕೆ ಆಸರೆಯಾಗಲಿ.