ಮನೆಬೆಕ್ಕಿನ ಪೂರ್ವೇತಿಹಾಸ

ಮನುಷ್ಯನ ಆಶ್ರಯದಲ್ಲಿ ಬಾಳುವ ಪ್ರಾಣಿಗಳಲ್ಲಿ ಬೆಕ್ಕಿನ ರೀತಿಯೇ ಬೇರೆ. ಎತ್ತು ನೊಗಕ್ಕೆ ಹೆಗಲು ಕೊಡುವದು, ಆಕಳು ಹಾಲನ್ನೀಯುವದು, ನಾಯಿಯು ಬಾಗಿಲು ಕಾಯುವದು. ಇವುಗಳನ್ನೆಲ್ಲ ಮನುಷ್ಯನು ಹಗ್ಗ ಹಾಕಿಯೋ ತುತ್ತು ತೋರಿಸಿಯೋ ತನ್ನ ಅಂಗಳಕ್ಕೆ ತಂದುಕೊಂಡನು. ಬೆಕ್ಕನ್ನು ಹೀಗೆ ಯಾರೂ ಕಟ್ಟಿ ತರಲಿಲ್ಲ. ಅದು ತಾನಾಗಿ ಬಂದಿತು, ತನಗೆ ಸರಿಕಂಡ ಮೂಲೆಯಲ್ಲಿ ಮಲಗಿತು, ಮನೆಯವರು ಏಳುವ ಮೊದಲೇ ಒಲೆಯ ಬೂದಿಯ ಬಿಸುಪನ್ನು ತನ್ನದಾಗಿ ಮಾಡಿಕೊಂಡಿತು. ಇಂದು ಪೂರ್ವಪಶ್ಚಿಮಗಳೆನ್ನದೆ ಜಗತ್ತಿನ ಕೋಟ್ಯವಧಿ ಮನೆಗಳಲ್ಲಿ ಅದು ಅಕ್ಕರೆಯ ಪ್ರಾಣಿಯಾಗಿರುವದು. ಅದು ಏಕೆ ಬಂದಿತು, ಏಕೆ ಉಳಿಯಿತು, ಇನ್ನು ಮುಂದೆ ಯಾವ ಋಣದ ಮೇಲೆ ಉಳಿಯತಕ್ಕದ್ದು ಎಂಬದನ್ನು ವಿಚಾರಿಸುವದು ನಿರರ್ಥಕವಾಗಲಾರದು.

ಈ ಪ್ರಶ್ನೆಗೆ ಉತ್ತರವನ್ನು ದೂರದೇಶಗಳಲ್ಲಿ ಅರಸುವ ಮೊದಲು ಧಾರವಾಡ ಸೀಮೆಯ ಎರೆಯ ನಾಡನ್ನು ನೋಡಬೇಕು. ಕುಂದಗೋಳ ತಾಲೂಕಿನ ಸಂಶಿಯ ಸುತ್ತಮುತ್ತಲಿನ ಊರುಗಳು ಜೋಳ, ಗೋದಿ, ಹತ್ತಿ, ಮೆಣಸಿನಕಾಯಿಗಳ ಊರುಗಳು. ಇಲ್ಲಿಯ ಹಳೆಯ ಮನೆಗಳಿಗೆ ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ, ಮಾಳಿಗೆಯಲ್ಲಿ ಬೆಳಕಿಂಡಿ. ಸುಗ್ಗಿ ಮುಗಿದ ಮೇಲೆ ವರ್ಷದ ಖರ್ಚಿಗೆ ಬೇಕಾದ ಕಾಳು ಗುಮ್ಮಿಯಲ್ಲಿಯೂ ಕಣಜದಲ್ಲಿಯೂ ತುಂಬುವದು. ಮಿಕ್ಕ ಜೋಳವು ನೆಲದೊಳಗಣ ಹಗೇವಿನಲ್ಲಿ ಇಳಿಯುವದು. ಹಗೇವಿನ ಒಳಮೈಗೆ ಒಣಹುಲ್ಲನ್ನು ಒತ್ತಿ, ಕಾಳು ತುಂಬಿ, ಬಾಯಿಗೆ ಕಲ್ಲಿಟ್ಟು ಮಣ್ಣು ಮುಚ್ಚಿದರೆ ಆ ಧಾನ್ಯವು ಬರಗಾಲದ ವರ್ಷಕ್ಕೆ ಆಧಾರವಾಗುತ್ತಿತ್ತು. ಆದರೆ ಮಣ್ಣಿನ ಗೋಡೆಯು ಇಲಿಗೆ ಅಡ್ಡಿಯಲ್ಲ. ಹೆಗ್ಗಣಕ್ಕಂತೂ ಅದು ಬಾಗಿಲೇ ಸರಿ. ಕಣಜದ ಬುಡದಲ್ಲಿ ಒಂದು ತೂತು ಬಿದ್ದರೆ ಒಂದು ಕುಟುಂಬದ ಎಷ್ಟೋ ದಿನಗಳ ಅನ್ನವು ಬಿಲವನ್ನು ಸೇರುವದು. ಇಂಥ ಮನೆಯ ಬೆಳಕಿಂಡಿಯಿಂದ ಬೆಕ್ಕು ಇಳಿದು ಬಂದರೆ ಅದನ್ನು ಅಟ್ಟುವವರು ಯಾರು? ನೆಲುವಿನ ಮೇಲಣ ಹಾಲಿಗೆ ಅದು ಬಾಯಿ ಹಾಕಿದಾಗ ಗೃಹಿಣಿಯು ಬಯ್ಯುವಳು. ರಾತ್ರಿಯಲ್ಲಿ ಕಣಜದ ಹಿಂದೆ ಕಿಚಕಿಚ ಶಬ್ದವಾದಾಗ ಅದನ್ನೇ ಕರೆಯುವಳು.

ಎರೆಯ ನಾಡಿನ ಈ ಮನೆಯ ವ್ಯವಹಾರವೇ ಬೆಕ್ಕಿನ ಸಮಗ್ರ ಇತಿಹಾಸದ ಬೀಜವೆಂದು ಪುರಾತನ ವಸ್ತುಶೋಧಕರ ಶ್ರಮದಿಂದ ತಿಳಿದುಬರುವದು. ಲೋಕದ ಮನೆಬೆಕ್ಕುಗಳೆಲ್ಲ ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾ ಖಂಡಗಳ ಒಂದು ಕಾಡುಬೆಕ್ಕಿನ ಸಂತತಿಯೆಂದು 2007ರಲ್ಲಿ ಪ್ರಕಟವಾದ ವಂಶಪರೀಕ್ಷೆಯಿಂದ ಸಿದ್ಧವಾಯಿತು. ಅದೇ ಪಶ್ಚಿಮ ಏಷ್ಯಾದ ನಾಡುಗಳಲ್ಲಿಯೇ ಗೋದಿ ಬಾರ್ಲಿಗಳ ಬೇಸಾಯವು ಮೊದಲಾಯಿತು. ಕಾಳು ಕೂಡಿಟ್ಟಲ್ಲಿ ಇಲಿ ಬಂದಿತು. ಇಲಿ ಇದ್ದಲ್ಲಿ ಬೆಕ್ಕು ಬಂದಿತು. ಸೈಪ್ರಸ್ ದ್ವೀಪದ ಶಿಲ್ಲೂರೊಕಾಂಬೊಸ್ ಎಂಬ ಸ್ಥಳದಲ್ಲಿ ಸುಮಾರು 9500 ವರ್ಷಗಳ ಹಿಂದಿನ ಒಂದು ಸಮಾಧಿಯು ದೊರೆತಿದ್ದು, ಅದರ ವೃತ್ತಾಂತವು 2004ರಲ್ಲಿ ಪ್ರಸಿದ್ಧವಾಯಿತು. ಅಲ್ಲಿ ಮನುಷ್ಯನ ಅಸ್ಥಿಗಳಿಂದ ಮೊಳದಂತರದಲ್ಲಿ ಒಂದು ಎಳೆಯ ಬೆಕ್ಕಿನ ಅಸ್ಥಿಪಂಜರವು ಕೆಡದೆ ಇಡಿಯಾಗಿ ಮಲಗಿದೆ. ಆ ದ್ವೀಪದಲ್ಲಿ ಬೆಕ್ಕು ಸಹಜವಾಗಿ ಇರಲಿಲ್ಲವಾದುದರಿಂದ, ಯಾರೋ ಅದನ್ನು ನಾವೆಯಲ್ಲಿ ಕೂಡಿಸಿಕೊಂಡು ಸಮುದ್ರವನ್ನು ದಾಟಿರಬೇಕು. ಸಿಂಧ ಪ್ರಾಂತದ ಚನ್ಹುದಾರೊ ಎಂಬಲ್ಲಿ ಅರ್ನೆಸ್ಟ್ ಮ್ಯಾಕೆ ಎಂಬವರು 1935-36ರಲ್ಲಿ ಅಗೆತ ಮಾಡಿದಾಗ ಸಿಂಧೂ ನಾಗರಿಕತೆಯ ಒಂದು ಇಟ್ಟಿಗೆಯು ಸಿಕ್ಕಿತು. ಅದು ಹಸಿಯಾಗಿದ್ದಾಗ ಅದರ ಮೇಲೆ ಒಂದು ಬೆಕ್ಕು ಓಡಿದೆ. ಅದರ ಬೆನ್ನಟ್ಟಿ ಒಂದು ನಾಯಿಯು ಓಡಿದೆ. ರಾಜರ ಹೆಸರುಗಳೇ ನಮಗೆ ದೊರೆಯದಿರುವ ಆ ಕಾಲದಿಂದ ಒಂದು ಬೆಕ್ಕಿನ ಗಾಬರಿಯು ಮಾತ್ರ ನಾಲ್ಕು ಸಾವಿರ ವರ್ಷಗಳನ್ನು ದಾಟಿ ಉಳಿದುಬಂದಿರುವದು!

ಭಾಷೆಯ ಸಾಕ್ಷ್ಯವೂ ಇದಕ್ಕೆ ಕೂಡುವದು. ಹಳಗನ್ನಡದಲ್ಲಿ ಇದಕ್ಕೆ ಬೆರ್ಕು ಎಂದು ಹೆಸರು. ತಮಿಳಿನ ವೆರುಗು ಎಂಬ ಶಬ್ದವು ಇದರ ಒಡಹುಟ್ಟು. ಸಂಸ್ಕೃತದಲ್ಲಿ ಮಾರ್ಜಾರ, ಬಿಡಾಲ, ಓತು ಮೊದಲಾದ ಪರ್ಯಾಯಗಳಿವೆ. ಮಾರ್ಜಾರವೆಂದರೆ ಮೈಯನ್ನು ಸದಾ ತೊಳೆದುಕೊಳ್ಳುವಂಥದು. ಆಖುಭುಕ್ ಎಂದರೆ ಇಲಿಯನ್ನು ತಿನ್ನುವಂಥದು. ಒಂದು ಹೆಸರು ಅದರ ಶೌಚವನ್ನೂ ಮತ್ತೊಂದು ಅದರ ಉದ್ಯೋಗವನ್ನೂ ಹೇಳುವವು. ಪಾಣಿನಿಯು ಜನ್ಮವೈರವುಳ್ಳ ಪ್ರಾಣಿಗಳ ಹೆಸರು ಸಮಾಸದಲ್ಲಿ ಏಕವಚನವನ್ನು ಪಡೆಯುವದೆಂದು ಸೂತ್ರಿಸಿದರೆ, ಅದಕ್ಕೆ ಕಾಶಿಕಾವೃತ್ತಿಯು ಬೆಕ್ಕು ಇಲಿಗಳ ಜೋಡಿಯನ್ನೇ ಉದಾಹರಣೆಯಾಗಿ ಕೊಟ್ಟಿರುವದು. ಶಾಲೆಯ ಹುಡುಗನಿಗೂ ತಟ್ಟನೆ ಹೊಳೆಯುವಷ್ಟು ಆ ಜೋಡಿಯು ಪರಿಚಿತವಾಗಿತ್ತು.

ಆದರೆ ಅಡಿಗೆಮನೆಯಲ್ಲಿ ದೊರೆತ ಸ್ವಾಗತವು ಗ್ರಂಥಗಳಲ್ಲಿ ಬೆಕ್ಕಿಗೆ ದೊರೆಯಲಿಲ್ಲ. ಮನುಸ್ಮೃತಿಯು ಡಾಂಭಿಕನನ್ನು ಬೈಡಾಲವ್ರತಿಕನೆಂದು ಕರೆದು, ಅವನಿಗೆ ಮಾತಿನ ಮರ್ಯಾದೆಯೂ ಸಲ್ಲದೆನ್ನುವದು. ಮಹಾಭಾರತದ ಉದ್ಯೋಗಪರ್ವದಲ್ಲಿ ತಪಸ್ವಿಯ ವೇಷದ ಬೆಕ್ಕು ನಂಬಿ ಬಂದ ಇಲಿಗಳನ್ನು ನುಂಗುವದು. ಹಿತೋಪದೇಶದ ದೀರ್ಘಕರ್ಣನೆಂಬ ಬೆಕ್ಕು ಧರ್ಮದ ಮಾತಾಡಿ ಮುದಿಹದ್ದಿನ ಆಶ್ರಯವನ್ನು ಪಡೆದು ಹಕ್ಕಿಮರಿಗಳನ್ನು ತಿನ್ನುವದು. ಮಹಾಬಲಿಪುರದ ಏಳನೆಯ ಶತಮಾನದ ಬಂಡೆಯ ಶಿಲ್ಪದಲ್ಲಿಯೂ ಒಂದು ಬೆಕ್ಕು ಮುಂಗಾಲೆತ್ತಿ ತಪಸ್ಸು ಮಾಡುತ್ತಿರಲು ಇಲಿಗಳು ಸುತ್ತಲೂ ನೆರೆದಿವೆ. ಜೈನ ಶ್ರಾವಕಾಚಾರದ ಗ್ರಂಥಗಳು ಬೆಕ್ಕಿನಂಥ ಮಾಂಸಾಹಾರಿ ಪ್ರಾಣಿಗಳನ್ನು ಸಾಕುವದೇ ಹಿಂಸೆಗೆ ನೆರವಾಗುವದೆಂದು ನಿಷೇಧಿಸಿದವು. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಗಾದೆಯು ಕನ್ನಡಿಗರ ಬಾಯಲ್ಲಿ ಈಗಲೂ ಆಡುತ್ತಿರುವದು.

ಇದಕ್ಕೆ ಪ್ರತಿಪಕ್ಷವೂ ಉಂಟು. ಶ್ರೀವೈಷ್ಣವರಲ್ಲಿ ತೆಂಗಲೆಯವರು ಭಗವಂತನ ಕೃಪೆಗೆ ಮಾರ್ಜಾರಕಿಶೋರನ್ಯಾಯವನ್ನು ಹೇಳುವರು. ಮಂಗನ ಮರಿಯು ತಾಯಿಯನ್ನು ತಾನೇ ಬಿಗಿಯಾಗಿ ಅಪ್ಪಿಕೊಳ್ಳಬೇಕು. ಬೆಕ್ಕಿನ ಮರಿಗೆ ಆ ಹೊಣೆಯಿಲ್ಲ, ತಾಯಿಯೇ ಅದನ್ನು ಕಚ್ಚಿ ಎತ್ತಿ ಸುರಕ್ಷಿತ ಸ್ಥಾನಕ್ಕೆ ಒಯ್ಯುವದು. ಕಪಟಕ್ಕೆ ಉಪಮಾನವಾದ ಪ್ರಾಣಿಯೇ ಕೃಪೆಗೂ ಉಪಮಾನವಾಯಿತು! ಬಂಗಾಲದಲ್ಲಿ ಮಕ್ಕಳನ್ನು ಕಾಯುವ ಷಷ್ಠೀದೇವಿಗೆ ಬೆಕ್ಕು ವಾಹನ. ಕನ್ನಡ ನಾಡಿನಲ್ಲಿಯೇ ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಬೆಕ್ಕಳಲೆ ಗ್ರಾಮದವರು ತಮ್ಮ ದೇವತೆಯಾದ ಮಂಗಮ್ಮನು ಬೆಕ್ಕಿನ ರೂಪದಿಂದ ಊರನ್ನು ಹೊಕ್ಕಳೆಂದು ನಂಬಿ, ಬೆಕ್ಕಿನ ಮೂರ್ತಿಯನ್ನು ಗುಡಿಯಲ್ಲಿಟ್ಟು ಪೂಜಿಸುವರು. ಅಲ್ಲಿ ಬೆಕ್ಕಿಗೆ ಯಾರೂ ಕೇಡು ಬಗೆಯಲಾರರು. ಸ್ಮೃತಿಕಾರನು ಕೂಡ ಬೆಕ್ಕನ್ನು ಕೊಂದವನಿಗೆ ಪ್ರಾಯಶ್ಚಿತ್ತವನ್ನು ವಿಧಿಸಿರುವನು. ಅಲ್ಲಿ ಬೆಕ್ಕಿನ ವಧೆಯನ್ನೂ ಶೂದ್ರವಧೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ಆ ಸ್ಮೃತಿಗೆ ಭೂಷಣವಲ್ಲ. ಆದರೂ ಮನೆಯಲ್ಲಿ ತಿರುಗಾಡುವ ಒಂದು ಸಣ್ಣ ಜೀವಕ್ಕೆ ಬೆಲೆಯುಂಟೆಂಬ ಭಾವನೆಯು ಅಲ್ಲಿ ಕಾಣುವದು.

ವಿದೇಶಗಳಲ್ಲಿಯೂ ಬೆಕ್ಕಿನ ಭಾಗ್ಯವು ಹೀಗೆಯೇ ಏರಿಳಿಯಿತು. ಪ್ರಾಚೀನ ಈಜಿಪ್ತದಲ್ಲಿ ಅದು ಬಾಸ್ತೆತ್ ದೇವಿಯ ಸ್ವರೂಪ. ಮನೆಯ ಬೆಕ್ಕು ಸತ್ತರೆ ಆ ಮನೆಯವರೆಲ್ಲ ಹುಬ್ಬನ್ನು ಬೋಳಿಸಿಕೊಳ್ಳುತ್ತಿದ್ದರೆಂದು ಕ್ರಿಸ್ತಪೂರ್ವ ಐದನೆಯ ಶತಮಾನದ ಹೆರೊಡೊಟಸನು ಬರೆದಿರುವನು. ಮುಂದೆ 1233ರಲ್ಲಿ ಒಂಬತ್ತನೆಯ ಗ್ರೆಗರಿ ಪೋಪನ ಶಾಸನವೊಂದರಲ್ಲಿ ಕರಿಯ ಬೆಕ್ಕು ಪಾಷಂಡಿಗಳ ಕೂಟದಲ್ಲಿ ಕಾಣಿಸಿಕೊಂಡಿತು. ದೇವತ್ವವಾದರೂ ಶಾಶ್ವತವಾಗಿ ಕಾಯಿತೇ? ಈಜಿಪ್ತದವರು ಭಕ್ತಿಯಿಂದ ಸುಗಂಧ ಲೇಪಿಸಿ ಸುತ್ತಿಟ್ಟ ಬೆಕ್ಕುಗಳ ಶವಗಳನ್ನು 1890ರಲ್ಲಿ ಹಡಗಿನಲ್ಲಿ ಹೇರಿ ಇಂಗ್ಲಂಡದ ಲಿವರ್‌ಪೂಲಿಗೆ ಒಯ್ದು, ಹೊಲಗಳಿಗೆ ಗೊಬ್ಬರವಾಗಿ ಮಾರಿದರು. ಅದೇ ಇಂಗ್ಲಂಡದಲ್ಲಿ ಅದಕ್ಕೂ ಮುಂಚೆ, 1871ರಲ್ಲಿ, ಹ್ಯಾರಿಸನ್ ವೀರ್ ಎಂಬವನು ಲಂಡನ್ನಿನ ಸ್ಫಟಿಕ ಭವನದಲ್ಲಿ ಬೆಕ್ಕುಗಳ ದೊಡ್ಡ ಪ್ರದರ್ಶನವನ್ನು ಏರ್ಪಡಿಸಿದ್ದನು. ಜಾತಿ ಬಣ್ಣಗಳನ್ನು ನೋಡಿ ಬೆಕ್ಕನ್ನು ಕೊಳ್ಳುವ ಹವ್ಯಾಸವು ಬಲಿತದ್ದು ಇಂಥ ಪ್ರದರ್ಶನಗಳ ಮೂಲಕವೇ.

ಧಾರವಾಡ ಸೀಮೆಯಲ್ಲಿ ಬೆಕ್ಕಿನ ಬೆಲೆಯನ್ನು ಕಲಿಸಿದ್ದು ಪ್ರದರ್ಶನವಲ್ಲ, ಮಹಾಮಾರಿ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಹೊತ್ತಿಗೆ ಹುಬ್ಬಳ್ಳಿ ಧಾರವಾಡಗಳನ್ನು ಹೊಕ್ಕು ಮನೆಗಳನ್ನು ಬರಿದು ಮಾಡಿತು. ಹಾಫ್‌ಕಿನ್ ಪಂಡಿತನ ಚುಚ್ಚುಮದ್ದನ್ನು ಹುಬ್ಬಳ್ಳಿಯಲ್ಲಿ ಆಗ ಬಹು ದೊಡ್ಡ ಪ್ರಮಾಣದಲ್ಲಿ ಹಾಕಿದರು. ಮನೆಯಲ್ಲಿ ಇಲಿ ಬಿದ್ದಿತೆಂದರೆ ಸಾಕು, ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ರೋಗವನ್ನು ಇಲಿಯಿಂದ ಮನುಷ್ಯನಿಗೆ ತರುವಂಥದು ಇಲಿಯ ಮೈಮೇಲಿನ ಚಿಗಟವೆಂದು ಪಾಲ್ ಲೂಯಿ ಸಿಮೊನ್ ಎಂಬ ಫ್ರೆಂಚ್ ವೈದ್ಯನು ಅದೇ 1898ರಲ್ಲಿ ತೋರಿಸಿದನು. ಆ ಬಳಿಕ ವಿದ್ವಾಂಸರ ದೃಷ್ಟಿಯು ಬೆಕ್ಕಿನ ಮೇಲೆ ಬಿದ್ದದ್ದು ಸಹಜವೇ. ವರ್ಹಾಡದ ಅಮರಾವತಿಯಲ್ಲಿ ಸರಕಾರಿ ವೈದ್ಯಾಧಿಕಾರಿಯಾಗಿದ್ದ ಆಂಡ್ರ್ಯೂ ಬುಕಾನನ್ ಎಂಬವರು ಹಳ್ಳಿಗಳಲ್ಲಿ ಬೆಕ್ಕುಗಳನ್ನು ಎಣಿಸಿ ನೋಡಿ, ಬೆಕ್ಕು ಹೆಚ್ಚಾಗಿದ್ದ ಊರುಗಳಲ್ಲಿ ಪ್ಲೇಗಿನ ಬಾಧೆಯು ಕಡಿಮೆಯೆಂದು 1908ರಲ್ಲಿ ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ಪ್ರತಿಪಾದಿಸಿದರು. ಅವರ ಸಲಹೆಯು ಔಷಧವಲ್ಲ; ಮನೆಮನೆಗೆ ಬೆಕ್ಕು! ವಿಜಯನಗರದಲ್ಲಿ ಇಲಿಗಳ ಕಾಟವಾದಾಗ ಅರಸನು ಮನೆಗೊಂದು ಬೆಕ್ಕನ್ನೂ ಅದರ ಹಾಲಿಗೆ ಒಂದು ಆಕಳನ್ನೂ ಕೊಟ್ಟನೆಂಬ, ತೆನಾಲಿ ರಾಮಕೃಷ್ಣನು ಸುಡುವ ಹಾಲಿಟ್ಟು ಬೆಕ್ಕಿಗೆ ಹಾಲಿನ ಭಯವನ್ನೇ ಹುಟ್ಟಿಸಿದನೆಂಬ ಕಥೆಯು ಇಲ್ಲಿ ನೆನಪಾಗದೆ ಇರದು. ಕಥೆಯಲ್ಲಿ ನಗೆಯುಂಟು; ಆದರೆ ರಾಜ್ಯವೇ ಬೆಕ್ಕನ್ನು ಹಂಚಬೇಕೆಂಬ ಕಲ್ಪನೆಯು ಇಲಿಯ ಕಾಟವನ್ನು ಬಲ್ಲ ಜನರದು. ಬೆಕ್ಕಿಗೂ ಪ್ಲೇಗು ತಗಲುವದೆಂದೂ, ಅದರಿಂದ ಮನುಷ್ಯನಿಗೆ ಅಂಟಬಹುದೆಂದೂ ಈಗಿನ ವೈದ್ಯರು ಬಲ್ಲರು. ಆದುದರಿಂದ ಅದು ಪೂರ್ಣ ರಕ್ಷಕನಲ್ಲ. ಆದರೂ ಆ ಕಾಲದ ಸಂಕಟದಲ್ಲಿ ಕಣಜದ ಕಾವಲುಗಾರನು ಪ್ರಾಣದ ಕಾವಲುಗಾರನೆಂದೂ ಎಣಿಕೆಗೆ ಬಂದನು.

ಇಲ್ಲಿಯವರೆಗಿನ ವೃತ್ತಾಂತವೆಲ್ಲ ಪ್ರಯೋಜನದ ವೃತ್ತಾಂತ. ಈಗ ಕಾಲವು ಬದಲಾಗಿದೆ. ಹಗೇವುಗಳು ಬಹುತೇಕ ಮುಚ್ಚಿಹೋದವು. ಸುಗ್ಗಿಯ ಕಾಳು ಚೀಲಗಳಲ್ಲಿ ತುಂಬಿ ನೇರವಾಗಿ ಪೇಟೆಗೆ ಹೋಗುವದು. ಮಣ್ಣಿನ ಮಾಳಿಗೆಯ ಸ್ಥಾನದಲ್ಲಿ ಸಿಮೆಂಟಿನ ಛತ್ತು ಬಂದು ಬೆಳಕಿಂಡಿಯು ಇಲ್ಲವಾಯಿತು. ಇಲಿಗೆ ಅಂಗಡಿಯಲ್ಲಿ ಪಾಷಾಣವು ದೊರೆಯುವದು; ಆ ಪಾಷಾಣವನ್ನು ತಿಂದ ಇಲಿಯನ್ನು ತಿಂದು ಬೆಕ್ಕೂ ಸಾಯುವದುಂಟು. ಮನುಷ್ಯನಿಗೆ ಬೆಕ್ಕಿನ ಸೇವೆಯು ಬೇಡವಾಯಿತು. ಆದರೆ ಆಶ್ಚರ್ಯವೇನೆಂದರೆ, ಸೇವೆಯು ಬೇಡವಾದ ಈ ಕಾಲದಲ್ಲಿಯೇ ಬೆಕ್ಕಿನ ಮೇಲಣ ಮೋಹವು ಲೋಕದಲ್ಲೆಲ್ಲ ಹೆಚ್ಚಿತು. ದೊಡ್ಡ ಪಟ್ಟಣಗಳ ಇಕ್ಕಟ್ಟಾದ ಮನೆಗಳಿಗೆ, ದಿನವಿಡೀ ಹೊರಗೆ ದುಡಿಯುವವರ ಸಂಸಾರಕ್ಕೆ, ನಾಯಿಗಿಂತ ಬೆಕ್ಕೇ ಅನುಕೂಲ. ಅದಕ್ಕೆ ತಿರುಗಾಟ ಮಾಡಿಸಬೇಕಿಲ್ಲ, ಅದರ ಮೈಯನ್ನು ಅದೇ ತೊಳೆದುಕೊಳ್ಳುವದು. ಹುಬ್ಬಳ್ಳಿಯಂಥ ಪಟ್ಟಣಗಳಲ್ಲಿಯೂ ಪರ್ಶಿಯನ್ ಎಂಬ ನೀಳಗೂದಲಿನ ಬೆಕ್ಕನ್ನು ಸಾವಿರಾರು ರೂಪಾಯಿಗಳನ್ನು ತೆತ್ತು ಕೊಳ್ಳುವವರಿದ್ದಾರೆ.

ಇದೇ ಕಾಲದಲ್ಲಿ ಊರಬೆಕ್ಕಿನ ಗತಿಯನ್ನೂ ನೋಡತಕ್ಕದ್ದು. ಅದು ಮರಿ ಹಾಕಿದರೆ ಮರಿಗಳನ್ನು ಚೀಲದಲ್ಲಿ ಕಟ್ಟಿ ಮುಂದಿನ ಊರಿನ ದಾರಿಯಲ್ಲಿಯೋ ಸಂತೆಯ ಬಯಲಲ್ಲಿಯೋ ಬಿಟ್ಟುಬರುವವರು ಕಡಿಮೆಯಿಲ್ಲ. ಕೊಂದರೆ ಪಾಪವೆಂಬ ಅಂಜಿಕೆಯು ಇನ್ನೂ ಉಳಿದಿರುವದರಿಂದ ಕೊಲ್ಲುವದಿಲ್ಲ. ಕಣ್ಣು ಬಿಡದ ಮರಿಯನ್ನು ಬಿಸಿಲಿಗೆ ಒಪ್ಪಿಸಿ ಪಾಪದಿಂದ ಪಾರಾದೆವೆಂದು ಎಣಿಸುವರು. ಮನುವು ಹೇಳಿದ ಬೈಡಾಲವ್ರತವು ಇಲ್ಲಿ ಬೆಕ್ಕಿನದಲ್ಲ, ಮನುಷ್ಯನದು. ಉಪವಾಸದಿಂದಲೋ ನೀರಡಿಕೆಯಿಂದಲೋ ನರಳುವಂತೆ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವದು ಅಪರಾಧವೆಂದು 1960ರ ಪ್ರಾಣಿಹಿಂಸಾ ನಿವಾರಣ ಕಾಯದೆಯು ಸ್ಪಷ್ಟವಾಗಿ ಹೇಳಿರುವದು. ಮರಿಗಳು ಬೇಡವಾದವರಿಗೆ ಪಶುವೈದ್ಯರ ಶಸ್ತ್ರಕ್ರಿಯೆಯ ದಾರಿಯುಂಟು. ಹುಚ್ಚುರೋಗದ ಭಯವುಳ್ಳವರಿಗೆ ಚುಚ್ಚುಮದ್ದುಂಟು. ತೊರೆಯುವದೊಂದೇ ಉಪಾಯವಲ್ಲ.

ಮಹಾಭಾರತದ ಶಾಂತಿಪರ್ವದಲ್ಲಿ ಪಲಿತನೆಂಬ ಇಲಿಯ ಉಪಾಖ್ಯಾನವಿದೆ. ಲೋಮಶನೆಂಬ ಬೆಕ್ಕು ಬೇಡನ ಬಲೆಯಲ್ಲಿ ಸಿಕ್ಕಿತು. ಅದೇ ಹೊತ್ತಿಗೆ ಮುಂಗುಲಿಯೂ ಗೂಗೆಯೂ ತನ್ನನ್ನು ಹಿಡಿಯಲು ಹೊಂಚಿರುವದನ್ನು ಕಂಡ ಪಲಿತನು ಬೆಕ್ಕಿನ ಮಗ್ಗುಲಲ್ಲಿಯೇ ಅಡಗಿ ಉಳಿದುಕೊಂಡು, ಬೇಡನು ಸಮೀಪಿಸಿದಾಗ ಬಲೆಯನ್ನು ಕತ್ತರಿಸಿ ಮಾತು ನಡೆಸಿದನು. ಬಳಿಕ ಬೆಕ್ಕು ಸ್ನೇಹಕ್ಕಾಗಿ ಕರೆದರೆ ಅವನು ಹೋಗಲಿಲ್ಲ. ಕಾರ್ಯಕ್ಕಾಗಿ ಆದ ಸಖ್ಯವು ಕಾರ್ಯದೊಡನೆ ಮುಗಿಯಿತೆಂದು ಬಿಲದಿಂದಲೇ ಉತ್ತರ ಕೊಟ್ಟನು. ದುರ್ಬಲನು ಬಲಿಷ್ಠನಿಗೆ ಹೇಳಿದ ಆ ಮಾತು ನೀತಿಯೇ ಸರಿ. ಇಲಿಗೆ ಅದರಲ್ಲಿ ಪ್ರಾಣದ ಪ್ರಶ್ನೆಯಿತ್ತು. ಮನುಷ್ಯ ಮಾರ್ಜಾರರ ಸಖ್ಯವೂ ಕಾರ್ಯಕ್ಕಾಗಿಯೇ ಆದದ್ದು, ಆ ಕಾರ್ಯವೂ ಈಗ ಮುಗಿಯುತ್ತ ಬಂದಿದೆ. ಆದರೆ ಇಲ್ಲಿ ಬಲಿಷ್ಠನು ಮನುಷ್ಯನು. ಬೆಕ್ಕಿನಿಂದ ಅವನಿಗೆ ಪ್ರಾಣಭಯವಿಲ್ಲ. ಆದುದರಿಂದ ಪಲಿತನ ನೆವವು ಅವನಿಗೆ ಸಲ್ಲದು. ಒಂಬತ್ತು ಸಾವಿರ ವರ್ಷಗಳಿಗೂ ಮಿಕ್ಕಿ ಕಣಜದ ಬುಡದಲ್ಲಿ ಎಚ್ಚರವಾಗಿ ಕುಳಿತ ಪ್ರಾಣಿಗೆ, ಕಣಜವು ಬರಿದಾದ ಮೇಲೆಯೂ ಒಂದು ಹಿಡಿ ಅನ್ನ, ಒಂದು ಮೂಲೆಯ ನೆರಳು ಸಲ್ಲತಕ್ಕದ್ದು. ಸಂಬಳವನ್ನು ಬೇಡದೆ ದುಡಿದವನಿಗೆ ಮುಪ್ಪಿನಲ್ಲಿ ಮನೆಯವರು ಕೊಡುವ ತುತ್ತಿಗೆ ದಾನವೆಂಬ ಹೆಸರಿಲ್ಲ, ಅದು ಋಣ.