ಕೊಪಣನಾಡಿನ ಸಂಕಲ್ಪಪರಂಪರೆ

ಅರಸರು ಕಲ್ಲಿನ ಮೇಲೆ ಬರೆಯಿಸಿದ ಮಾತುಗಳಲ್ಲಿ ಬಹುಪಾಲು ಗೆದ್ದ ಯುದ್ಧಗಳನ್ನು, ಕೊಟ್ಟ ದಾನಗಳನ್ನು, ಧರಿಸಿದ ಬಿರುದುಗಳನ್ನು ಕುರಿತವು. ಕೊಪ್ಪಳದ ಗವಿಮಠದ ಬೆಟ್ಟದಲ್ಲಿ, ಮುಂಚಾಚಿದ ಬಂಡೆಯೊಂದರ ಮರೆಯಲ್ಲಿ, ಮಳೆಗಾಳಿಗಳ ಹಾವಳಿಗೆ ಹೆಚ್ಚಾಗಿ ಸಿಕ್ಕದೆ ಉಳಿದು ಬಂದಿರುವ ಬ್ರಾಹ್ಮೀಲಿಪಿಯ, ಪ್ರಾಕೃತಭಾಷೆಯ ಬರಹವು ಈ ನಿಯಮಕ್ಕೆ ಹೊರತಾದುದು. ಏಕೆಂದರೆ ಅದರಲ್ಲಿ ಜಂಬೂದ್ವೀಪದ ಬಹುಭಾಗವನ್ನಾಳಿದ ಚಕ್ರವರ್ತಿಯೊಬ್ಬನು, ತಾನು ಕೈಕೊಂಡ ಆತ್ಮಸಂಸ್ಕಾರದ ಯತ್ನವು ಮೊದಮೊದಲು ಎಷ್ಟು ಸಡಿಲವಾಗಿತ್ತೆಂಬುದನ್ನು ತನ್ನ ಪ್ರಜೆಗಳೆದುರಿಗೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ.

ಈ ಬರಹದಲ್ಲಿ ದೇವಾನಾಂಪ್ರಿಯನೆಂದು ತನ್ನನ್ನು ಕರೆದುಕೊಳ್ಳುವ ಅರಸನು ಅಶೋಕನೇ ಎಂಬುದು 1915ರಲ್ಲಿ ನೆರೆಯ ಮಸ್ಕಿಯ ಶಾಸನ ದೊರೆತಾಗ ನಿಸ್ಸಂದಿಗ್ಧವಾಗಿ ತಿಳಿದುಬಂದಿತು. ಅದಾದ ಹದಿನಾರು ವರ್ಷಗಳಿಗೆ, ಎಂದರೆ 1931ರಲ್ಲಿ, ಅಂದು ನಿಜಾಮರ ರಾಜ್ಯದಲ್ಲಿ ಸಾಲಾರ್ ಜಂಗರ ಜಹಗೀರಿಗೆ ಒಳಪಟ್ಟಿದ್ದ ಕೊಪ್ಪಳದಲ್ಲಿ ಗವಿಮಠದ ಬರಹವೂ, ಅದರ ಸಮೀಪದ ಪಲ್ಕಿಗುಂಡಿನ ಬರಹವೂ ಬೆಳಕಿಗೆ ಬಂದುವು. ಮರುವರ್ಷವೇ ಟರ್ನರ್ ಎಂಬ ಭಾಷಾವಿದ್ವಾಂಸರು ಇವೆರಡನ್ನೂ ಸಂಪಾದಿಸಿ ಹೈದರಾಬಾದಿನ ಪುರಾತತ್ತ್ವ ಮಾಲೆಯಲ್ಲಿ ಪ್ರಕಟಿಸಿದರು. ಎರಡು ಬಂಡೆಗಳ ಮೇಲೆ ಮೂರನೆಯದೊಂದು ಪಲ್ಲಕ್ಕಿಯ ಮೇಲುಕಟ್ಟಿನಂತೆ ಕುಳಿತಿರುವ ಪಲ್ಕಿಗುಂಡಿನಲ್ಲಿ ಅಕ್ಷರಗಳು ಬಹಳ ಸವೆದುಹೋಗಿವೆ. ಗವಿಮಠದ ಪಾಠವಾದರೋ ಓದಲು ಬರುವಷ್ಟು ಉಳಿದಿದೆ.

ಅದರ ಸಾರವಿಷ್ಟು. ಅರಸನು ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷಗಳಿಗೆ ಮಿಕ್ಕಿತ್ತು, ಆದರೆ ಮೊದಲು ಗಾಢವಾದ ಪರಿಶ್ರಮವನ್ನು ತೋರಿರಲಿಲ್ಲ. ಸಂಘವನ್ನು ಸಮೀಪಿಸಿದ ಮೇಲಿನ ಒಂದು ವರ್ಷಕ್ಕೂ ಮಿಕ್ಕ ಅವಧಿಯಲ್ಲಿ ಮಾತ್ರ ಚೆನ್ನಾಗಿ ಪರಿಶ್ರಮಿಸಿದನು. ಹೀಗೆ ಪಡೆದ ಫಲವು ಪರಿಶ್ರಮದ ಫಲ. ದೊಡ್ಡವರಿಗೆ ಮಾತ್ರವೇ ಲಭಿಸತಕ್ಕದ್ದಲ್ಲ. ಸಣ್ಣವನೂ ಪರಿಶ್ರಮಿಸಿದರೆ ವಿಪುಲವಾದ ಸ್ವರ್ಗವನ್ನು ಪಡೆಯಬಲ್ಲನು. ಸಣ್ಣವರೂ ದೊಡ್ಡವರೂ ಪರಿಶ್ರಮಿಸಲಿ, ಗಡಿನಾಡಿನವರೂ ಇದನ್ನು ಅರಿಯಲಿ, ಈ ಯತ್ನವು ಚಿರಕಾಲ ನಿಲ್ಲಲಿ, ಕಡಮೆಯೆಂದರೆ ಒಂದೂವರೆ ಪಟ್ಟಾದರೂ ಹೆಚ್ಚಲಿ ಎಂದು ಆತನ ಆಶಯ. ಪರಿಶ್ರಮವೆಂಬುದು ಇಲ್ಲಿ ಧರ್ಮಾಚರಣೆಯ ಪರಿಶ್ರಮವೆಂಬುದನ್ನು ಮರೆಯಲಾಗದು. ಆದರೂ ಅದರ ವಿವರಣೆಯಲ್ಲಿ ಎಷ್ಟೊಂದು ಲೌಕಿಕವಾದ ನಿಷ್ಕೃಷ್ಟತೆಯಿದೆ! ಯತ್ನಕ್ಕೆ ತೊಡಗಿದ ಕಾಲ, ಅದು ಸಡಿಲವಾಗಿದ್ದ ಅವಧಿ, ಬಿಗಿಗೊಂಡ ಅವಧಿ, ಅದನ್ನು ಬಿಗಿಗೊಳಿಸಿದ ಸಂಗ, ಮುಂದಿನ ವೃದ್ಧಿಯ ಪ್ರಮಾಣ, ಇವೆಲ್ಲವನ್ನೂ ಅರಸನು ಲೆಕ್ಕವಿಟ್ಟವನಂತೆ ಹೇಳುತ್ತಾನೆ.

ಸಂಕಲ್ಪವೆಂಬುದನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸುವ ಕಾರ್ಯವು ಈ ಶಾಸನಗಳು ಕೊಪ್ಪಳದಲ್ಲಿ ಬೆಳಕಿಗೆ ಬಂದ ಕಾಲದಲ್ಲಿಯೂ ನಡೆದಿತ್ತು. 1930ರಲ್ಲಿ ಬರ್ಲಿನ್ ನಗರದಲ್ಲಿ ಕುರ್ಟ್ ಲೆವಿನ್ನರ ಶಿಷ್ಯರಾದ ಹೊಪ್ಪೆ ಎಂಬವರು ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಗೆಲವಿನ ಹರ್ಷವೂ ಸೋಲಿನ ಖೇದವೂ ಕಾರ್ಯದ ಬಾಹ್ಯಫಲವನ್ನು ಮಾತ್ರ ಅವಲಂಬಿಸಿರದೆ ಕರ್ತನು ತನಗೆ ತಾನೇ ಇಟ್ಟುಕೊಂಡ ಗುರಿಯ ಎತ್ತರವನ್ನು ಅನುಸರಿಸುತ್ತವೆಂಬುದು ಕಂಡುಬಂದಿತು. ತೀರ ಸುಲಭವಾದುದನ್ನು ಸಾಧಿಸಿದವನಿಗೆ ಗೆದ್ದೆನೆಂದೂ, ತೀರ ಅಸಾಧ್ಯವಾದುದನ್ನು ಬಿಟ್ಟವನಿಗೆ ಸೋತೆನೆಂದೂ ಅನಿಸುವುದಿಲ್ಲ. ಅಮೆರಿಕದ ಎಡ್ವಿನ್ ಲಾಕ್ 1968ರಿಂದ ಮೊದಲುಗೊಂಡು, ಮುಂದೆ ಗ್ಯಾರಿ ಲೇಥಮರೊಡಗೂಡಿ ಬೆಳೆಸಿದ ಸಿದ್ಧಾಂತವು, ಕೈಲಾದಷ್ಟು ಮಾಡೆಂದು ಹೇಳುವುದಕ್ಕಿಂತ ಕಠಿನವೂ ನಿರ್ದಿಷ್ಟವೂ ಆದ ಗುರಿಯನ್ನು ಮುಂದಿಡುವುದು ಹೆಚ್ಚು ಫಲಕಾರಿಯೆಂದು ಸಾಧಿಸಿತು. ಒಕ್ಲಹೋಮದಲ್ಲಿ ಮರದ ದಿಮ್ಮಿಗಳನ್ನು ಸಾಗಿಸುತ್ತಿದ್ದ ಲಾರಿಯವರು ಕಾನೂನು ಒಪ್ಪುವ ಭಾರದಲ್ಲಿ ನೂರಕ್ಕೆ 60ರ ಆಸುಪಾಸಿನಷ್ಟನ್ನು ಮಾತ್ರ ಹೇರುತ್ತಿದ್ದವರು, 94 ಎಂಬ ಗುರಿಯನ್ನು ಮುಂದಿಟ್ಟ ಕೆಲವು ತಿಂಗಳುಗಳಲ್ಲಿ 90ರ ಸಮೀಪಕ್ಕೆ ಬಂದರೆಂದು ಲೇಥಮರು 1975ರಲ್ಲಿ ತಿಳಿಸಿದರು. ಒಂದೂವರೆ ಪಟ್ಟೆಂದು ಬಂಡೆಯ ಮೇಲೆ ಬರೆಯಿಸಿದವನಿಗೆ ಈ ಪ್ರಮೇಯವು ಹೊಸದೆನಿಸುತ್ತಿರಲಿಲ್ಲ.

ಆದರೆ ಹೇರಿದ ದಿಮ್ಮಿಯ ಭಾರವು ಮನುಷ್ಯನ ಸುಖದ ಅಳತೆಯಲ್ಲ. ಗುರಿಯು ಸಫಲವಾಗುವುದು ಒಂದು. ಗುರಿಯಿಂದ ಬಾಳು ಹಸನಾಗುವುದು ಮತ್ತೊಂದು. ಈ ಎರಡನೆಯ ಪ್ರಶ್ನೆಗೆ ಕೊಪಣನಾಡಿನ, ಎಂದರೆ ಕೊಪ್ಪಳ ಸೀಮೆಯ, ಚರಿತ್ರೆಯಲ್ಲಿರುವ ಉತ್ತರಗಳು ಬಹಳ ಬೆಲೆಯುಳ್ಳವೆಂದು ನನ್ನ ನಂಬಿಕೆ.

ಕವಿರಾಜಮಾರ್ಗವು ತಿರುಳ್ಗನ್ನಡದ ನೆಲೆಗಳಲ್ಲೊಂದೆಂದು ಹೆಸರಿಸಿದ ಮಹಾಕೊಪಣವು ಆ ಕಾಲಕ್ಕಾಗಲೇ ಜೈನರ ಮಹಾತೀರ್ಥವಾಗಿತ್ತು. ದೂರದೂರದ ನಾಡುಗಳಿಂದ ವ್ರತಧಾರಿಗಳು ಇಲ್ಲಿಯ ಬೆಟ್ಟಗಳಿಗೆ ಬಂದು ನೆಲಸುತ್ತಿದ್ದರು. ವರಾಂಗಚರಿತವನ್ನು ರಚಿಸಿದ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಚಾವಯ್ಯನೆಂಬ ಭಕ್ತನೊಬ್ಬನು ಪಲ್ಕಿಗುಂಡಿನ ಬೆಟ್ಟದಲ್ಲಿ ಕಂಡರಿಸಿರುವುದನ್ನು ಇಂದಿಗೂ ನೋಡಬಹುದು. ಶಕವರ್ಷ 803ರ, ಎಂದರೆ ಕ್ರಿ.ಶ. 881ರ ಶಾಸನವೊಂದು ಕುಂದಕುಂದಾನ್ವಯದ ಏಕಚಟ್ಟುಗದ ಭಟಾರರ ಶಿಷ್ಯರಾದ ಸರ್ವನಂದಿ ಭಟಾರರ ವಿಷಯವನ್ನು ಹೇಳುತ್ತದೆ. ಸಂನ್ಯಸನವೆಂಬ ಉಪವಾಸಮರಣದ ವ್ರತವನ್ನು ನೋಂತು ದೇಹವಿಟ್ಟುದು ಅವರ ಕಥೆಯ ಕೊನೆ. ಸಾಮಾನ್ಯವಾಗಿ ನಮ್ಮ ದೃಷ್ಟಿಯೂ ಆ ಉಗ್ರವಾದ ಕೊನೆಯಲ್ಲಿಯೇ ನಟ್ಟುಬಿಡುತ್ತದೆ. ಶಾಸನವಾದರೋ ಅದಕ್ಕೆ ಮೊದಲು, ಅವರು ಇಲ್ಲಿಯೇ ಇದ್ದು, ಊರಿಗೂ ತೀರ್ಥಕ್ಕೂ ಉಪಕಾರಿಗಳಾಗಿ, ಬಹುಕಾಲ ತಪಗೈದರೆಂದು ಹೇಳುವುದನ್ನು ಮರೆತಿಲ್ಲ. ಏಕಾಂತದ ನಿಯಮವನ್ನು ಕೈಕೊಂಡವನ ಚರಿತ್ರೆಯಲ್ಲಿ ಊರಿನ ಉಪಕಾರವನ್ನು ಮೊದಲು ಬರೆದ ಆ ಅಜ್ಞಾತ ಲೇಖಕನ ವಿವೇಕವನ್ನು ನಾನು ಬಹುವಾಗಿ ಮೆಚ್ಚುತ್ತೇನೆ.

ಸಂಸಾರಿಗಳ ಸಂಕಲ್ಪಕ್ಕೆ ಈ ನಾಡಿನಲ್ಲಿ ಹರಕೆಯೇ ಹಿರಿದಾದ ರೂಪ. ತುಂಗಭದ್ರೆಯ ದಡದ ಹುಲಿಗಿಯ ಹುಲಿಗೆಮ್ಮನ ಸನ್ನಿಧಿಗೆ ಹುಣ್ಣಿಮೆ ಹುಣ್ಣಿಮೆಗೂ ಸುತ್ತಣ ಜಿಲ್ಲೆಗಳಿಂದ ಕಾಲ್ನಡಿಗೆಯಲ್ಲಿ ಬರುವವರನ್ನು, ದೀರ್ಘದಂಡ ನಮಸ್ಕಾರ ಹಾಕುವವರನ್ನು, ಮಗುವಿನ ಜಡೆ ತೆಗೆಸುವವರನ್ನು ಕಂಡವರಿಗೆ, ಒಂದು ಮಾತನ್ನು ದೈವದ ಮುಂದೆ ಆಡಿ ಅದನ್ನು ತೀರಿಸಿದವರ ಮುಖದಲ್ಲಿ ಮೂಡುವ ಹಗುರವು ಎಂಥದೆಂದು ವಿವರಿಸಬೇಕಾಗಿಲ್ಲ. ತನ್ನ ಕಾಲಿನಿಂದ ನಡೆಯುವ ಹರಕೆ ಅದು. ಅದರ ಶ್ರಮವೂ ಸಂತೋಷವೂ ಹೊತ್ತವರದೇ.

ಇದೇ ಹುಲಿಗೆಮ್ಮನ ಹೆಸರಿನಲ್ಲಿ, ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ, ತಾಯ್ತಂದೆಗಳು ಹೊತ್ತ ಹರಕೆಯನ್ನು ಮಗಳ ಬಾಳಿನಿಂದ ತೀರಿಸುವ ಪದ್ಧತಿಯೂ ಈ ಸೀಮೆಯಲ್ಲಿ ಬಹುಕಾಲ ನಡೆಯಿತು. ಮನೆಯ ಕಷ್ಟ ಕಳೆಯಲೆಂದೋ, ರೋಗ ವಾಸಿಯಾಗಲೆಂದೋ, ಗಂಡುಸಂತಾನವಿಲ್ಲದ ಮನೆಗೆ ದುಡಿಯುವವರು ಬೇಕೆಂದೋ, ಇನ್ನೂ ತಿಳಿವಳಿಕೆ ಬಾರದ ಹುಡುಗಿಗೆ ಮುತ್ತು ಕಟ್ಟಿ ದೇವರಿಗೆ ಬಿಟ್ಟರು. ಹೀಗೆ ಬಿಡಲ್ಪಟ್ಟವರಲ್ಲಿ ಬಹುತೇಕ ದಲಿತ ಕುಟುಂಬಗಳ ಹೆಣ್ಣುಮಕ್ಕಳೇ ಆಗಿದ್ದರು. 1982ರಲ್ಲಿ ಕರ್ನಾಟಕದ ವಿಧಾನಮಂಡಲವು ಇದನ್ನು ನಿಷೇಧಿಸಿತು. ನಿಷೇಧವಾದ ಮೇಲೂ ಅದು ಗುಟ್ಟಾಗಿ ನಡೆದುದುಂಟು, ಮತ್ತು ಹಿಂದೆ ಬಿಡಲ್ಪಟ್ಟ ತಾಯಂದಿರೇ ಮುಂದೆ ಬಂದು ತಮ್ಮ ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸಿ ಈ ಸರಪಣಿಯನ್ನು ಕಡಿದುದೂ ಉಂಟು. ಒಬ್ಬರ ಸಂಕಲ್ಪವನ್ನು ಇನ್ನೊಬ್ಬರ ಮೈಮೇಲೆ ಹೇರಿದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಘೋರವಾದ ಸಾಕ್ಷ್ಯವನ್ನು ನಾನರಿಯೆ. ಕೆನನ್ ಶೆಲ್ಡನ್, ಆಂಡ್ರೂ ಎಲಿಯಟ್ ಎಂಬ ಮನಃಶಾಸ್ತ್ರಜ್ಞರು 1999ರಲ್ಲಿ, ವ್ಯಕ್ತಿಯ ಸ್ವಂತ ಆಸಕ್ತಿಗಳಿಗೂ ಮೌಲ್ಯಗಳಿಗೂ ಹೊಂದಿದ ಗುರಿಗಳಿಗಾಗಿ ಆತನು ಹೆಚ್ಚು ಕಾಲ ಶ್ರಮಿಸುತ್ತಾನೆಂದೂ, ಅವನ್ನು ಸಾಧಿಸಿದಾಗ ಹೆಚ್ಚು ಕ್ಷೇಮವನ್ನು ಪಡೆಯುತ್ತಾನೆಂದೂ, ಅಪರಾಧಭಾವದಿಂದಲೋ ಪರರ ಒತ್ತಾಯದಿಂದಲೋ ಹೊತ್ತ ಗುರಿಗಳಲ್ಲಿ ಹಾಗಾಗದೆಂದೂ ಪ್ರತಿಪಾದಿಸಿದರು. ಆ ತಾಯಂದಿರು ಈ ಮಾತನ್ನು ಯಾವ ಗ್ರಂಥವನ್ನೂ ಓದದೆ ಬಲ್ಲರು. ಇಂದು ಮಗನು ಇಂಥದೇ ಓದಬೇಕು, ಮಗಳು ಇಷ್ಟರೊಳಗೆ ಮದುವೆಯಾಗಬೇಕು ಎಂದು ಹಿರಿಯರು ನಿಶ್ಚಯಿಸಿಬಿಡುವ ಮನೆಗಳಲ್ಲಿ ಇದನ್ನು ಇನ್ನೂ ಚಿಂತಿಸಬೇಕಾಗಿದೆ.

ಗಂಗಾವತಿಯ ಕಡೆ, ಆನೆಗೊಂದಿಗೆ ಹತ್ತಿರದ ಅಂಜನಾದ್ರಿಯಲ್ಲಿ, ಡಿಸೆಂಬರಿನಲ್ಲಿ ಹನುಮಮಾಲೆ ಧರಿಸಿದವರು ಸಹಸ್ರಗಟ್ಟಲೆಯಾಗಿ 575 ಮೆಟ್ಟಿಲೇರಿ ಮಾಲೆಯನ್ನು ವಿಸರ್ಜಿಸುತ್ತಾರೆ. ಹಿಂದಿನ ವ್ರತಗಳೊಡನೆ ಹೋಲಿಸಿದರೆ ಇದು ಈಚಿನದು. ಇದರ ಕಟ್ಟುಪಾಡು ಗಮನಾರ್ಹವಾದುದು: ಏಳುವ ಹೊತ್ತು, ತಣ್ಣೀರ ಸ್ನಾನ, ಉಡುವ ಬಣ್ಣ, ಉಣ್ಣುವ ಅನ್ನ, ಮದ್ಯವರ್ಜನ, ಎಲ್ಲವೂ ಮೊದಲೇ ಗೊತ್ತಾಗಿರುವುದರಿಂದ ಪ್ರತಿಯೊಂದು ಸಲವೂ ಮನಸ್ಸಿನೊಡನೆ ಹೋರಾಡಬೇಕಾದ ಪ್ರಮೇಯವಿಲ್ಲ. ಇಂಥ ಸಂದರ್ಭ ಬಂದಾಗ ಇಂಥದನ್ನು ಮಾಡುವೆನೆಂದು ಮುಂದಾಗಿಯೇ ನಿಶ್ಚಯಿಸಿಕೊಂಡವನು, ಬರಿಯ ಇಚ್ಛೆಯುಳ್ಳವನಿಗಿಂತ ಕಾರ್ಯವನ್ನು ನೆರವೇರಿಸುವ ಸಂಭವ ಹೆಚ್ಚೆಂದು ಜರ್ಮನಿಯ ಪೀಟರ್ ಗೊಲ್ವಿಟ್ಸರ್ ತೋರಿಸಿದ್ದಾರೆ. ಆದರೆ ಮಾಲೆ ಇರುವ ತನಕ ಬಾಟಲಿಯನ್ನು ಮುಟ್ಟದ ತರುಣನು ಮಾಲೆ ಕಳಚಿದ ಮೇಲೆ ಮರಳಿ ಅದರತ್ತ ಸಾಗುವುದನ್ನು ನಮ್ಮ ಊರುಗಳ ಹೆಂಗಸರು ಕಂಡು ನೊಂದಿದ್ದಾರೆ. ದಿನಗಳ ಕಟ್ಟು ಮುಗಿದ ಮೇಲೆ ಮುಂದಿನ ಕಟ್ಟು ಯಾವುದೆಂಬುದನ್ನು ಮಾಲೆ ಹಾಕುವಾಗಲೇ ಗುರುಸ್ವಾಮಿಗಳು ಹೇಳಿಕೊಡುವಂತಾದರೆ ಎಷ್ಟೋ ಮನೆಗಳು ಉಳಿದಾವು.

ಕುಷ್ಟಗಿ, ಯಲಬುರ್ಗಾಗಳ ಮಾತೇ ಬೇರೆ. ತುಂಗಭದ್ರೆಯ ಎಡದಂಡೆಯ ಕಾಲುವೆಯಿಂದ ಗಂಗಾವತಿಯು ಭತ್ತದ ಸೀಮೆಯಾಯಿತು. ಒಂದು ಕಾಲಕ್ಕೆ ಎರಂಬರಗೆಯ, ಎಂದರೆ ಯಲಬುರ್ಗಾದ, ಸಿಂದರು ಆಳಿದ ಈ ನಾಡಾದರೋ ಮಳೆಯನ್ನೇ ನೆಚ್ಚಿದ್ದು, ಬರವನ್ನು ಮೇಲಿಂದ ಮೇಲೆ ಕಂಡಿದ್ದು. ಇಲ್ಲಿಯ ಒಕ್ಕಲಿಗನು ಮುಂಗಾರಿಗೆ ಹೆಸರನ್ನೋ ಸಜ್ಜೆಯನ್ನೋ ಬಿತ್ತುತ್ತಾನೆ. ಮಳೆ ಕೈಕೊಟ್ಟರೆ ಅದನ್ನು ಹರಗಿ, ಹಿಂಗಾರಿಗೆ ಎರೆಹೊಲದಲ್ಲಿ ಬಿಳಿಜೋಳವನ್ನೋ ಕಡಲೆಯನ್ನೋ ಬಿತ್ತುತ್ತಾನೆ. ಮಸಾರಿಯವನು ತನ್ನ ನೆಲಕ್ಕೆ ಒಪ್ಪುವ ಬೇರೆ ಬೆಳೆಯನ್ನು ನೋಡಿಕೊಳ್ಳುತ್ತಾನೆ. ಕೈಗೂಡದ ಗುರಿಯನ್ನು ಬಿಡಬಲ್ಲವರೂ, ಬಿಟ್ಟು ಹೊಸದೊಂದನ್ನು ಹಿಡಿಯಬಲ್ಲವರೂ ಮಾನಸಿಕವಾಗಿ ಹೆಚ್ಚು ಕ್ಷೇಮವಾಗಿರುವರೆಂದು ಕಾರ್ಸ್ಟನ್ ರಾಶ್ ಮತ್ತು ಸಂಗಡಿಗರು 2003ರಲ್ಲಿ ಬರೆದರು. ಹುರಿದುಂಬಿಸುವ ಪುಸ್ತಕಗಳು ಈ ಅಂಶವನ್ನು ಅಷ್ಟಾಗಿ ಹೇಳುವುದಿಲ್ಲ. ಹಟವನ್ನು ಹೊಗಳುವ ಭರದಲ್ಲಿ, ಬಿಡಬೇಕಾದುದನ್ನು ಬಿಡುವ ಧೈರ್ಯವನ್ನು ಹೇಡಿತನವೆಂದು ಬಗೆಯುವುದು ಅನ್ಯಾಯ. ನೌಕರಿಯ ಪರೀಕ್ಷೆಗೆ ವರ್ಷಗಟ್ಟಲೆ ಕೂತು ಸೊರಗಿದ ಎಷ್ಟೋ ಮಂದಿ ತರುಣರು ಈ ಅನ್ಯಾಯದ ಭಾರವನ್ನು ಒಳಗೊಳಗೇ ಹೊತ್ತಿದ್ದಾರೆ. ಬಿತ್ತಿದ ಹೆಸರು ಒಣಗಿದುದಕ್ಕೆ ಊರಲ್ಲಿ ಯಾರೂ ಒಕ್ಕಲಿಗನನ್ನು ಹಂಗಿಸುವುದಿಲ್ಲ.

ಅಶೋಕನ ಬರಹವಿರುವ ಬೆಟ್ಟದ ಮಗ್ಗುಲಲ್ಲಿಯೇ ಬೆಳೆದ ಗವಿಸಿದ್ಧೇಶ್ವರ ಮಠದ ಜಾತ್ರೆಯು ಬನದ ಹುಣ್ಣಿಮೆಯ ಬಳಿಕ ನೆರೆಯುತ್ತದೆ. ಅದರ ಮಹಾದಾಸೋಹಕ್ಕೆ ಜಿಲ್ಲೆಯ ಹಳ್ಳಿಗಳಿಂದ ಜೋಳದ ರೊಟ್ಟಿ, ಮಾದಲಿ, ದವಸಧಾನ್ಯಗಳು ಬಂಡಿಬಂಡಿಯಾಗಿ ಬಂದು ಬೀಳುತ್ತವೆ. ಇಂತಿಷ್ಟು ರೊಟ್ಟಿಯೆಂದು ಮನೆಮನೆಗೂ ಗೊತ್ತುಮಾಡಿಕೊಂಡು, ಓಣಿಯ ಹೆಂಗಸರು ಒಟ್ಟಿಗೆ ಕೂತು ಬಡಿದ ರೊಟ್ಟಿಗಳವು. ಈಚಿನ ವರ್ಷಗಳಲ್ಲಿ ಜಾತ್ರೆಯೊಡನೆ ರಕ್ತದಾನ, ನೇತ್ರದಾನ, ಜಲಸಂರಕ್ಷಣೆ ಮುಂತಾದ ಒಂದೊಂದು ಸಂಕಲ್ಪವನ್ನು ಜನರ ಮುಂದಿಡುವ ರೂಢಿಯೂ ಬೆಳೆದಿದೆ. 2019ರಲ್ಲಿ ಮಠದ ಈಗಿನ ಸ್ವಾಮಿಗಳ ನೇತೃತ್ವದಲ್ಲಿ, ಹೂಳು ತುಂಬಿ ಜಾಲಿ ಬೆಳೆದು ಹಾಳಾಗಿದ್ದ ಹಿರೇಹಳ್ಳವನ್ನು ಇಪ್ಪತ್ತು ಕಿಲೋಮೀಟರಿಗೂ ಮಿಕ್ಕಿದ ಉದ್ದಕ್ಕೆ ಊರವರೇ ಹಣವನ್ನೂ ದುಡಿಮೆಯನ್ನೂ ಕೂಡಿಸಿ ಶುದ್ಧಗೊಳಿಸಿದರು. ಅರಸನ ಅಪ್ಪಣೆಯಿಲ್ಲದೆ, ಸಣ್ಣವರು ಕೈಗೂಡಿಸಿ ನೆರವೇರಿಸಿದ ಕಾರ್ಯವಿದು. ಅಳೆಯಬಹುದಾದ ಉದ್ದ, ಕಣ್ಣಿಗೆ ಕಾಣುವ ಫಲ, ಜತೆಗಾರರ ಸಂಗ, ಮೂರೂ ಅದರಲ್ಲಿದ್ದುವು.

ಕೊಪ್ಪಳ ಜಿಲ್ಲೆಯ ಶಾಲಾ ಉಪಾಧ್ಯಾಯರಲ್ಲಿ ಒಂದು ಬಿನ್ನಹ. ವರ್ಷಕ್ಕೊಮ್ಮೆಯಾದರೂ ನಿಮ್ಮ ಮಕ್ಕಳನ್ನು ಗವಿಮಠದ ಬೆಟ್ಟಕ್ಕೆ ಕರೆತನ್ನಿರಿ. ಬಂಡೆಯ ಬಳಿ ನಿಲ್ಲಿಸಿ, ಅಕ್ಷರಗಳನ್ನು ಮುಟ್ಟದಂತೆ ನೋಡಿಕೊಂಡು, ಆ ಬರಹದ ಅರ್ಥವನ್ನು ಕನ್ನಡದಲ್ಲಿ ಪೂರ್ತಿಯಾಗಿ ಓದಿ ಹೇಳಿರಿ; ಮೊದಲ ವರ್ಷಗಳ ಸಡಿಲವಾದ ಯತ್ನದ ಮಾತನ್ನು ಬಿಡಬೇಡಿರಿ. ಅನಂತರ ಪ್ರತಿಯೊಬ್ಬ ಮಗುವೂ ಈ ವರ್ಷ ತಾನೇನು ಮಾಡಬೇಕೆಂದಿರುವೆನೆಂಬುದನ್ನು, ನಿಮ್ಮನ್ನಾಗಲಿ ಮನೆಯವರನ್ನಾಗಲಿ ಕೇಳದೆ, ತನ್ನ ಪುಸ್ತಕದಲ್ಲಿ ಬರೆದುಕೊಳ್ಳಲಿ.